ದ್ರಾಕ್ಷಿ ಎಲೆ ತಿಂದವರು ಯಾರು?

ಚಪ್ಪರದ ಮೇಲಿನ ದ್ರಾಕ್ಷಿ ಬಳ್ಳಿಯ ಎಲೆಗಳು ದಿನದಿಂದ ದಿನಕ್ಕೆ ತೂತಾಗುತ್ತಿದ್ದವು. ಹಗಲಲ್ಲಿ ಹುಡುಕಿದರೆ ಒಂದು ಹುಳುವೂ ಕಾಣದು. "ಸುಮ್ನೆ ಏನಾದ್ರೂ ಔಷಧಿ ಹೊಡೆದುಬಿಡೋ" ಅಂದಳು ಅಕ್ಕ. ಯಾವ ಹುಳು ಅಂತಲೇ ಗೊತ್ತಿಲ್ಲದೆ ಹೊಡೆಯೋದಕ್ಕೆ ನನಗೆ ಮನಸ್ಸಾಗಲಿಲ್ಲ. ಒಂದು ಭಾನುವಾರ ಪೂರ್ತಿ ಬಳ್ಳಿಯ ಕೆಳಗೇ ಕಳೆದೆ.

ಹುಳು ಸಿಗದಿದ್ದರೇನು, ತೂತು ಸಿಗುತ್ತದಲ್ವಾ? ಅದನ್ನೇ ನೋಡುತ್ತಾ ಹೋದೆ. ಕೆಲವು ಎಲೆಗಳ ಅಂಚಲ್ಲಿ ಕತ್ತರಿಯಲ್ಲಿ ಕತ್ತರಿಸಿದಷ್ಟು ನಯವಾದ ಅರ್ಧ ವೃತ್ತ. ಅದು ಎಲೆ ಕತ್ತರಿಸುವ ಜೇನಿನ ಕೆಲಸ. ಅದು ಎಲೆ ತಿನ್ನುವುದೇ ಇಲ್ಲ, ಗೂಡು ಕಟ್ಟೋಕೆ ಒಯ್ಯುತ್ತದೆ. ಹೂವಿಗೆ ಬೇಕಾದ ಜೀವಿ, ಅದರ ಪಾಡಿಗೆ ಬಿಟ್ಟೆ.

ಒಂದು ಕವಲು ಮಾತ್ರ ಪೂರ್ತಿ ಬೋಳಾಗಿತ್ತು. ಎಲೆ ಹೋಗಿ ಬರೀ ತೊಟ್ಟು ಉಳಿದಿತ್ತು. ಅದರ ಕೆಳಗಿನ ಎಲೆಗಳ ಮೇಲೆ ದಪ್ಪ ಹಿಕ್ಕೆ. ಕೈಯಲ್ಲಿ ಹಿಡಿದು ನೋಡಿದೆ: ಗಟ್ಟಿ, ಕಪ್ಪು ಹಸಿರು, ಮೈ ಉದ್ದಕ್ಕೂ ಗೀರು. ಇಷ್ಟು ದೊಡ್ಡ ಹಿಕ್ಕೆ ಹಾಕುವುದು ದೊಡ್ಡ ಹುಳುವೇ ಅಂತ ನೇರ ಮೇಲಕ್ಕೆ ಕಣ್ಣು ಹಾಯಿಸಿದೆ. ಆದರೂ ಕಾಣಲು ಹೊತ್ತು ಹಿಡಿಯಿತು. ಬೆರಳಿನಷ್ಟು ದಪ್ಪದ ಹಸಿರು ಹುಳು, ಕಾಂಡಕ್ಕೆ ಅಂಟಿಕೊಂಡು, ತಲೆ ಎತ್ತಿ, ಒಂಚೂರೂ ಅಲ್ಲಾಡದೆ ಕೂತಿತ್ತು. ಬಾಲದ ತುದಿಯಲ್ಲಿ ಮುಳ್ಳಿನಂಥ ಕೊಂಬು. ನೋಡಿದರೆ ಹೆದರಿಕೆ ಆಗುತ್ತದೆ, ಆದರೆ ಅದು ಚುಚ್ಚುವುದಿಲ್ಲ. ಹಾಕ್ ಪತಂಗದ ಮರಿ ಅದು. ಇದಕ್ಕೆ ಔಷಧಿ ಯಾಕೆ? ಎರಡು ಬೆರಳು ಸಾಕು.

ಇನ್ನೊಂದು ಎಲೆಯನ್ನು ಬಿಸಿಲಿಗೆ ಹಿಡಿದರೆ ಅಲ್ಲಲ್ಲಿ ತೆಳು ಪೊರೆ ಮಾತ್ರ ಉಳಿದಿತ್ತು. ತಿರುಗಿಸಿದೆ. ಅಡಿಯಲ್ಲಿ ಸಣ್ಣ ಮರಿಹುಳುಗಳ ಗುಂಪು, ಹಸಿರನ್ನಷ್ಟೇ ಕೆರೆದು ತಿನ್ನುತ್ತಿತ್ತು. ಪಕ್ಕದಲ್ಲೇ ಕಂದು ಕೂದಲು ಮುಚ್ಚಿದ ಮೊಟ್ಟೆಯ ರಾಶಿ. ಸ್ಪೊಡಾಪ್ಟೆರಾ ಅನ್ನೋ ಪತಂಗದ ಮರಿಗಳು! ಈ ಹಂತದಲ್ಲಿ ಸಿಕ್ಕಿದ್ದು ಪುಣ್ಯ. ಬೆಳೆದರೆ ಚದುರಿಹೋಗುತ್ತವೆ, ಹಗಲು ಅಡಗಿಕೊಂಡು ರಾತ್ರಿ ಮೇಯುತ್ತವೆ. ಈಗಾದರೆ ಆ ಒಂದು ಎಲೆ ಕಿತ್ತರೆ ಮುಗಿಯಿತು.

ಆದರೆ ನರಗಳನ್ನು ಬಿಟ್ಟು ನಡುವಿನದೆಲ್ಲ ತಿಂದು ಜಾಲರಿ ಮಾಡಿದ್ದು ಇವರ್ಯಾರೂ ಅಲ್ಲ. ಅದಕ್ಕೆ ಕತ್ತಲಾಗುವ ತನಕ ಕಾಯಬೇಕಾಯಿತು. ಟಾರ್ಚ್ ಹಿಡಿದು ಹೋದಾಗ ಕಂದು ದುಂಬಿಗಳು ಎಲೆ ಮೇಲೆ ಆರಾಮಾಗಿ ಊಟಕ್ಕೆ ಕೂತಿದ್ದವು. ಹಗಲೆಲ್ಲ ಮಣ್ಣಲ್ಲಿ ಹುದುಗಿರುವ ಜಾತಿ. ಇವುಗಳದೇ ಮರಿ ಮಣ್ಣೊಳಗೆ ಬೇರು ತಿನ್ನುವ ಗೊಣ್ಣೆಹುಳು. ಕೆಳಗೆ ಬಿಳಿ ಬಟ್ಟೆ ಹಾಸಿ ಬಳ್ಳಿ ಅಲ್ಲಾಡಿಸಿದೆ, ಟಪಟಪ ಉದುರಿದವು. ಸೋಪಿನ ನೀರಿನ ಬಕೆಟ್ಟಿಗೆ ಸುರಿದೆ.

"ಕಳ್ಳ ಸಿಕ್ಕಿದ್ನಾ?" ಅಂತ ಅಕ್ಕ ಒಳಗಿಂದಲೇ ಕೇಳಿದಳು. "ಒಬ್ಬನಲ್ಲ, ಗ್ಯಾಂಗೇ ಇದೆ" ಅಂದೆ.

ಬಲಿತ ಬಳ್ಳಿಗೆ ನಾಲ್ಕು ಎಲೆ ತೂತಾದರೆ ಏನೂ ಆಗುವುದಿಲ್ಲ, ಅದಕ್ಕೆ ನಾನೂ ಜಾಸ್ತಿ ತಲೆ ಕೆಡಿಸಿಕೊಳ್ಳುವುದಿಲ್ಲ. ಕವಲು ಕತ್ತರಿಸಿ ಬಳ್ಳಿ ಸವರಿದ ಮೇಲಿನ ದಿನಗಳೇ ಬೇರೆ. ಆಗ ಸಣ್ಣ ಚಿಗಟ ದುಂಬಿ ಬಂದು ಚಿಗುರೊಡೆಯಲು ಊದಿಕೊಂಡ ಕಣ್ಣನ್ನೇ ಕೊರೆದರೆ ಅಲ್ಲಿಂದ ಕವಲೇ ಒಡೆಯುವುದಿಲ್ಲ. ಅದು ಸಡಿಲ ತೊಗಟೆಯ ಸಂದಿಯಲ್ಲಿ ಅಡಗುತ್ತದೆ, ಮುಟ್ಟಿದರೆ ಸತ್ತ ಹಾಗೆ ನಟಿಸಿ ಕೆಳಗೆ ಬೀಳುತ್ತದೆ. ಮುಂದಿನ ಸಲ ಸವರಿದ ಕೂಡಲೇ ಹಳೇ ತೊಗಟೆ ಸುಲಿದುಹಾಕಬೇಕು ಅಂತಿದ್ದೇನೆ.