ಗುಸ್ಟಾವ್ ಝೀಗ್ಲೆ ಹೌಸಿನ ಮುಂದೆ ಒಂದು ಸಂಜೆ

2021ರ ಅಕ್ಟೋಬರ್ 31 ಭಾನುವಾರವಾಗಿತ್ತು. ಹಿಂದಿನ ರಾತ್ರಿ ಚಳಿಗಾಲದ ಸಮಯಕ್ಕೆಂದು ಗಡಿಯಾರಗಳನ್ನೆಲ್ಲ ಒಂದು ಗಂಟೆ ಹಿಂದಕ್ಕೆ ತಿರುಗಿಸಿದ್ದರಿಂದ ಸಂಜೆ ಐದೂವರೆಗೇ ಜರ್ಮನಿಯ ಸ್ಟುಟ್‌ಗಾರ್ಟಿನ ಬೀದಿಗಳಿಗೆ ಕತ್ತಲು ಇಳಿದಿತ್ತು. ನಾನು ಷಾರ್ಲೊಟೆನ್‌ಪ್ಲಾಟ್ಸ್ ನಿಲ್ದಾಣದಲ್ಲಿ ಇಳಿದು, ಲಿಯೊನ್‌ಹಾರ್ಡ್ ಚರ್ಚಿನ ಬದಿಯಿಂದ ಗುಸ್ಟಾವ್ ಝೀಗ್ಲೆ ಹೌಸಿನ ಕಡೆಗೆ ನಡೆದೆ. ಈ ಊರಿಗೆ ಕೆಲಸಕ್ಕೆ ಬಂದು ನಾಲ್ಕು ವರ್ಷವಾಗಿತ್ತು. ಆ ಕಟ್ಟಡದ ಮುಂದೆ ಹಲವು ಸಲ ಹಾದುಹೋಗಿದ್ದರೂ ಅದನ್ನೇ ನೋಡಲೆಂದು ಹೋದದ್ದು ಆ ದಿನವೇ ಮೊದಲು.

ಕಾರಣ, 1975ರ ಅಕ್ಟೋಬರ್ 31ರಂದು ಅಲ್ಲಿ ಕಲೋನ್ ನಗರದ ‘ಕ್ಯಾನ್’ ಎಂಬ ರಾಕ್ ಸಂಗೀತ ತಂಡ ನುಡಿಸಿತ್ತು. ಆ ರಾತ್ರಿಯ ಧ್ವನಿಮುದ್ರಣವನ್ನು ಶುದ್ಧಗೊಳಿಸಿ 2021ರ ಮೇ ತಿಂಗಳಲ್ಲಿ ಬಿಡುಗಡೆ ಮಾಡಿದ್ದರು. ಅದೇ ದಿನಾಂಕದಂದು, ಅದೇ ಗೋಡೆಗಳ ಹೊರಗೆ ಕುಳಿತು ಅದನ್ನು ಪೂರ್ತಿಯಾಗಿ ಕೇಳಬೇಕೆಂದು ನಾನು ಬೇಸಿಗೆಯಲ್ಲೇ ನಿಶ್ಚಯಿಸಿಕೊಂಡಿದ್ದೆ.

ಬಾಗಿಲು ಮುಚ್ಚಿತ್ತು. ಎದುರಿನ ಕಲ್ಲುಕಟ್ಟೆಯ ಮೇಲೆ ಕುಳಿತು, ಟೋಪಿಯನ್ನು ಹೆಡ್‌ಫೋನಿನ ಮೇಲೆ ಎಳೆದುಕೊಂಡೆ.

ಈ ಧ್ವನಿಮುದ್ರಿಕೆಯಲ್ಲಿ ಹಾಡುಗಳ ಹೆಸರುಗಳಿಲ್ಲ. ಐದು ಭಾಗಗಳಿಗೆ ಜರ್ಮನ್ ಭಾಷೆಯಲ್ಲಿ ಒಂದು, ಎರಡು, ಮೂರು ಎಂದಷ್ಟೇ ಹೆಸರಿಟ್ಟಿದ್ದಾರೆ, ಹಾಗೆ ಮಾಡಿದ್ದು ಸರಿಯೆಂದೇ ನನ್ನ ಭಾವನೆ. 1973ರಲ್ಲಿ ಗಾಯಕ ಡಾಮೊ ಸುಜುಕಿ ತಂಡವನ್ನು ಬಿಟ್ಟಿದ್ದರಿಂದ ಆ ರಾತ್ರಿ ವೇದಿಕೆಯ ಮೇಲೆ ಉಳಿದಿದ್ದವರು ಕೀಬೋರ್ಡಿನ ಇರ್ಮಿನ್ ಶ್ಮಿಟ್, ಬೇಸ್ ಗಿಟಾರಿನ ಹೋಲ್ಗರ್ ಚುಕಾಯ್, ಗಿಟಾರಿನ ಮಿಖಾಯೆಲ್ ಕರೋಲಿ, ಡ್ರಮ್ಸ್‌ನ ಯಾಕಿ ಲೀಬೆತ್ಸೈಟ್. ಶ್ಮಿಟ್ ಮತ್ತು ಚುಕಾಯ್ ಇಬ್ಬರೂ ಜರ್ಮನ್ ಸಂಗೀತ ಸಂಯೋಜಕ ಸ್ಟಾಕ್‌ಹೌಸೆನ್ ಬಳಿ ಕಲಿತವರು. ಲೀಬೆತ್ಸೈಟ್ ತಾಳದ ಕಟ್ಟನ್ನೇ ಬಿಚ್ಚಿಹಾಕುವ ಫ್ರೀ ಜಾಝ್‌ನಿಂದ ಬಂದು, ಒಂದೇ ನಡೆಯನ್ನು ಎಡೆಬಿಡದೆ ಹಿಡಿದು ನಿಲ್ಲುವ ನುಡಿಸಾಣಿಕೆಯನ್ನು ತಾವಾಗಿ ಆರಿಸಿಕೊಂಡವರು. ಆಲ್ಬಮ್ಮುಗಳಲ್ಲಿ ಕತ್ತರಿಸಿ ಜೋಡಿಸಿದ ಅವರ ಸಂಗೀತವನ್ನಷ್ಟೇ ಬಲ್ಲವರಿಗೆ ಇಲ್ಲಿ ಕೇಳುವುದು ಬೇರೊಂದು ತಂಡವೇನೋ ಅನ್ನಿಸಬಹುದು, ಏಕೆಂದರೆ ಹಳೆಯ ಹಾಡಿನ ಒಂದು ಎಳೆ ಎಲ್ಲೋ ಮಿಂಚಿ, ಗುರುತು ಹಿಡಿಯುವಷ್ಟರಲ್ಲಿ ಕರಗಿ, ಆ ಕ್ಷಣಕ್ಕೆ ಮಾತ್ರ ಹುಟ್ಟಿದ ಇನ್ನೊಂದಕ್ಕೆ ಎಡೆ ಬಿಡುತ್ತದೆ.

ಅರ್ಧ ಗಂಟೆಯನ್ನೂ ಮೀರುವ ಮೂರನೆಯ ಭಾಗ ಬರುವ ಹೊತ್ತಿಗೆ ಬೆರಳುಗಳು ಮರಗಟ್ಟಿದ್ದವು. ಶ್ಮಿಟ್ ಅವರ ಕೀಬೋರ್ಡಿನ ನಾದ ದೂರದ ಆಕಾಶದಿಂದ ಹರಿದು ಬಂದಂತೆ ಹಬ್ಬುತ್ತಿತ್ತು, ಅದರ ಕೆಳಗೆ ಲೀಬೆತ್ಸೈಟ್ ಒಂದು ಪೆಟ್ಟನ್ನೂ ಅವಸರಿಸದೆ ನೆಲವನ್ನು ಕಾಯುತ್ತಿದ್ದರು. ಆಗ ನನಗೆ ಅಪ್ಪನ ಕ್ಯಾಸೆಟ್ಟುಗಳು ನೆನಪಾದವು. ಮೈಸೂರಿನ ವಿ.ವಿ. ಮೊಹಲ್ಲಾದ ಎಂಟನೇ ಕ್ರಾಸಿನ ಗಣಪತಿ ಪೆಂಡಾಲಿನಲ್ಲಿ ಅವರು ಟೇಪ್ ರೆಕಾರ್ಡರನ್ನು ತೊಡೆಯ ಮೇಲಿಟ್ಟುಕೊಂಡು ಕಛೇರಿ ಮುದ್ರಿಸುತ್ತಿದ್ದರು. ತನಿ ಆವರ್ತನದ ನಡುವೆ ಪಕ್ಕದವರ ಕೆಮ್ಮು, ದೂರದ ಆಟೋ, ಕ್ಯಾಸೆಟ್ ತಿರುಗಿಸುವಾಗ ಕಳೆದುಹೋದ ಎರಡು ಆವರ್ತ, ಎಲ್ಲವೂ ಅದರಲ್ಲಿದ್ದವು. ಹೀಗೆ ಮುದ್ರಿಸಿದವರ ಮೇಲೆ ನನಗೆ ಅಪಾರ ಗೌರವವಿದೆ. ಕ್ಯಾನ್ ತಂಡದ ಹಳೆಯ ಕಛೇರಿಗಳನ್ನು ಹೊರತರುತ್ತಿರುವ ಈ ಸರಣಿಯೂ ಕೇಳುಗರು ಉಳಿಸಿದ ಟೇಪುಗಳಿಗೆ ಋಣಿಯಾಗಿದೆ. ಮರುದಿನ ಬೇರೆಯಾಗಿಯೇ ನುಡಿಸುವ ಇಂಥ ತಂಡದ ಒಂದು ರಾತ್ರಿ ಹೋದರೆ ಹೋದಂತೆಯೇ. ಅದನ್ನು ಮತ್ತೆ ನುಡಿಸಿ ತೋರಿಸಲು ಆ ತಂಡಕ್ಕೂ ಸಾಧ್ಯವಿಲ್ಲ.

ಕರೋಲಿ 2001ರಲ್ಲಿ, ಲೀಬೆತ್ಸೈಟ್ ಮತ್ತು ಚುಕಾಯ್ 2017ರಲ್ಲಿ ತೀರಿಕೊಂಡಿದ್ದರು. ಈ ಹಳೆಯ ಟೇಪುಗಳನ್ನು ಹೊರತರುವ ಕೆಲಸದ ಉಸ್ತುವಾರಿಗೆ ಉಳಿದಿದ್ದವರು ಆ ನಾಲ್ವರಲ್ಲಿ ಎಂಬತ್ತು ದಾಟಿದ ಶ್ಮಿಟ್ ಒಬ್ಬರೇ. ಗೆಳೆಯರ ಇಪ್ಪತ್ತು ಮೂವತ್ತರ ಹರೆಯದ ಕೈಗಳು ನುಡಿಸಿದ್ದನ್ನು ಅವರು ಯಾವ ಮನಃಸ್ಥಿತಿಯಲ್ಲಿ ಕೇಳಿರಬಹುದೆಂದು ಯೋಚಿಸುತ್ತ ಕುಳಿತಿದ್ದಾಗ ಐದನೆಯ ಭಾಗವೂ ಮುಗಿದೇ ಹೋಯಿತು.

ಹೆಡ್‌ಫೋನ್ ತೆಗೆದೆ. ಬೀದಿಯಲ್ಲಿ ಯಾರೂ ಇರಲಿಲ್ಲ. ಕೈಗಳನ್ನು ಕೋಟಿನ ಜೇಬಿನೊಳಗೆ ತೂರಿಸಿಕೊಂಡು ನಿಲ್ದಾಣದ ಕಡೆಗೆ ಹೊರಟವನು, ಚರ್ಚಿನ ಮೂಲೆ ತಿರುಗುವ ಮುನ್ನ ನಿಂತು, ಮೂರನೆಯ ಭಾಗವನ್ನು ಮತ್ತೆ ಮೊದಲಿನಿಂದ ಹಾಕಿಕೊಂಡೆ.