ಸಮುದ್ರ ಹುಡುಕ್ಕೊಂಡು ಮರಡಿಹಳ್ಳಿಗೆ

ಮರವಂತೆಗೆ ಹೋಗಿ ಮರಳ ಮೇಲಿನ ಅಲೆ ಗೆರೆ, ಏಡಿ ಬಿಲದ ಸುತ್ತ ಇರೋ ಸಾಸಿವೆ ಥರದ ಮರಳುಂಡೆ, ಇವನ್ನೆಲ್ಲ ಕ್ಲೋಸಪ್ಪಲ್ಲಿ ತೆಗೀಬೇಕು ಅಂತ ಮೂರು ದಿನಕ್ಕೆ ಮ್ಯಾಕ್ರೋ ಲೆನ್ಸ್ ಬಾಡಿಗೆಗೆ ತಂದಿದ್ದೆ, ಹೊರಡೋ ಹಿಂದಿನ ರಾತ್ರಿ ಫ್ರೆಂಡ್ ಕಾರು ಕೈಕೊಡ್ತು. ಬಾಡಿಗೆ ಮಾತ್ರ ಓಡ್ತಾನೇ ಇತ್ತು. ಆವಾಗ ನೆನಪಾಗಿದ್ದು ನಮ್ಮ ಚಿತ್ರದುರ್ಗದ ಸಮುದ್ರ!

ನಗಬೇಡಿ. ಮರಡಿಹಳ್ಳಿ ಹತ್ರ ಇರೋ ಪಿಲ್ಲೋ ಲಾವಾ, ಅಂದ್ರೆ ದಿಂಬಿನಾಕಾರದ ಕಲ್ಲು, ಸಮುದ್ರದ ನೀರೊಳಗೇ ಉಕ್ಕಿ ಆರಿದ ಲಾವಾ, ಸುಮಾರು 250 ಕೋಟಿ ವರ್ಷದ ಹಿಂದಿಂದು. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಬೇರೆ. ದುರ್ಗದಿಂದ ಹಿರಿಯೂರು ಕಡೆ ಹೈವೇ ಹಿಡಿದು ಬೈಕಲ್ಲಿ ಹೋದೆ, ಚಳಿಗೆ ಕೈ ಮರಗಟ್ಟಿತ್ತು, ಬೆಳಕು ಹರಿಯೋ ಹೊತ್ತಿಗೆ ಬಂಡೆ ಮುಂದೆ ಇದ್ದೆ.

ಮೊದಲ ನೋಟಕ್ಕೆ ಏನೂ ಅನ್ಸಲ್ಲ, ಹಸಿರು ಮಿಶ್ರ ಬೂದು ಕಲ್ಲು ಅಷ್ಟೆ. ಬಿಸಿಲು ಅಡ್ಡಡ್ಡ ಬಿದ್ದ ತಕ್ಷಣ ನೋಡಿ, ಒಂದೊಂದೇ ದಿಂಬು ಎದ್ದು ಬಂತು. ದಿಂಬು ಅಂತ ಹೆಸರಿಟ್ಟೋರು ದುರ್ಗದೋರಲ್ಲ ಬಿಡಿ, ಆಗಿದ್ರೆ ಮುದ್ದೆ ಅಂತಿದ್ರು. ಬಿಸಿ ಮುದ್ದೆ ಒಂದರ ಮೇಲೊಂದು ಇಟ್ರೆ ಮೇಲಿಂದು ಕೆಳಗಿನೆರಡರ ಸಂದಿಗೆ ಇಳಿದು ಕೂರುತ್ತಲ್ಲ, ಥೇಟ್ ಹಂಗೇ: ಮೇಲ್ಗಡೆ ಉಬ್ಬು, ಕೆಳಗಡೆ ಚೂಪು ಬಾಲ. ಪದರ ಮಗುಚಿದ್ರೂ ಯಾವ ಕಡೆ ಮೇಲಿತ್ತು ಅಂತ ಭೂವಿಜ್ಞಾನಿಗಳು ಆ ಬಾಲ ನೋಡೇ ಹೇಳ್ತಾರೆ. ತಣ್ಣೀರು ತಾಕಿದ ಹೊರಗಿನ ಸಿಪ್ಪೆ ಗಬಕ್ಕನೆ ಆರಿದ್ದಕ್ಕೆ ನುಣುಪು, ಒಳಗಿಂದು ನಿಧಾನ ಆರಿದ್ದಕ್ಕೆ ಸ್ವಲ್ಪ ತರಿತರಿ. ಲೆನ್ಸಲ್ಲಿ ನೋಡಿದ್ರೆ ಆ ಎರಡರ ಮಧ್ಯದ ಗೆರೆ ಬೆರಳಗಲಾನೂ ಇಲ್ಲ, ನಾನು ಅರ್ಧ ಗಂಟೆ ಅದರಲ್ಲೇ ಕಳೆದೆ.

ಹೊಟ್ಟೆ ಅಡಿ ಮಾಡಿ ಮಲಗಿದ್ದೆ. ಹಿಂದಿಂದ ಮೇಕೆ ಗಂಟೆ.

"ಯಾಕ್ ತಮ್ಮಾ, ತಲೆ ಸುತ್ತಿ ಬಿದ್ಯಾ?"

"ಇಲ್ಲಜ್ಜಾ, ಫೋಟೋ ತಗೀತಿದೀನಿ."

"ಕಲ್ಲಿಂದಾ?" ಅಜ್ಜ ಸ್ವಲ್ಪ ಹೊತ್ತು ನಿಂತು ನೋಡಿದ್ರು. "ಮಳೆ ಬಂದಾಗ ಬರ್ಬೇಕು ನೀನು, ಆಗ ಕರ್ರಗೆ ಮಿಂಚ್ತಾವೆ."

ನಾನೆಷ್ಟು ದಡ್ಡ! ಬಾಟ್ಲಿ ನೀರು ಪೂರ್ತಿ ಬಂಡೆಗೆ ಸುರಿದೆ. ಧೂಳಿಗೆ ಮುಚ್ಚಿದ್ದ ಸಣ್ಣ ಬಿರುಕೆಲ್ಲ ಕಪ್ಪಗೆ ಬಿಟ್ಕೊಂಡ್ವು, ಟ್ರೈಪಾಡ್ ಹಾಕಿ, ಲೆನ್ಸ್ ಕಿಂಡಿ ಎಫ್ 11ಕ್ಕೆ ಕಿರಿದು ಮಾಡಿ, ಫೋಕಸ್ ಚೂರ್ಚೂರೇ ಸರಿಸ್ಕೊಂಡು ಎಂಟೊಂಬತ್ತು ಫ್ರೇಮ್ ತೆಗೆಯೋಷ್ಟರಲ್ಲಿ ಒಣಗೇ ಹೋಯ್ತು. ಕುಡಿಯೋಕೆ ತೊಟ್ಟು ಇರ್ಲಿಲ್ಲ.

ಒಂಬತ್ತೂವರೆಗೆ ಬಿಸಿಲು ನೆತ್ತಿ ಕಡೆ ಏರ್ತಿದ್ದಂಗೆ ದಿಂಬುಗಳು ಮತ್ತೆ ಬರೀ ಬಂಡೆ ಆದ್ವು. ಹೈವೇಲಿ ಎರಡು ಎಳನೀರು ಕುಡಿದು ಕ್ಯಾಮೆರಾ ನೋಡಿದೆ, ನೂರಾ ನಲವತ್ತರಲ್ಲಿ ಇಟ್ಕೊಳ್ಳೋವು ಐದು, ಐದೂ ಒದ್ದೆ ಕಲ್ಲಿನವೇ.