ಅಪ್ಪಯ್ಯನ ಸ್ಪ್ಲೆಂಡರ್: ಗ್ರಿಪ್ ಇದೆ, ಟೈರ್ ಮುಗಿದಿದೆ

ಮಾರ್ಚ್ 9, 2025, ಭಾನುವಾರ

ಎಂಜಿನ್ ಸ್ಟಾರ್ಟ್ ಆಯ್ತು! ಏಳು ವರ್ಷ ಕೊಟ್ಟಿಗೆಯ ಮೂಲೆಯಲ್ಲಿ ನಿಂತಿದ್ದ ಗಾಡಿ. ಕಾರ್ಬ್ಯುರೇಟರ್ ಬಿಚ್ಚಿ ತೊಳೆದು, ಹಳೇ ಪೆಟ್ರೋಲ್ ಪೂರ್ತಿ ತೆಗೆದು, ಹೊಸ ಪ್ಲಗ್ ಹಾಕಿದ ಮೇಲೆ ಒಂಬತ್ತನೇ ಕಿಕ್ಕಿಗೆ ಹೊತ್ತಿಕೊಂಡಿತು. ಅಪ್ಪಯ್ಯ ಅಂಗಳಕ್ಕೆ ಬಂದು ಸುಮ್ನೆ ನಿಂತು ಶಬ್ದ ಕೇಳಿದರು. 'ಇನ್ನೇನು, ಗಾಳಿ ಹೊಡೆದರೆ ತೀರ್ಥಹಳ್ಳಿಗೆ ಹೋಗಿ ಬರಬಹುದು' ಅಂದರು.

ಗಾಳಿ ಹೊಡೆದೆ. ಹಿಂದಿನ ಚಕ್ರದಲ್ಲಿ ನಿಂತಿತು. ಮುಂದಿನದು ಅರ್ಧ ಗಂಟೆಯಲ್ಲಿ ಕೂತುಬಿಟ್ಟಿತು. ಪಂಕ್ಚರ್ ಇರಬೇಕು ಅಂದುಕೊಂಡು ಬಟ್ಟೆಯಿಂದ ಮಣ್ಣು ಒರೆಸಿದೆ. ಟೈರಿನ ಪಕ್ಕದಲ್ಲಿ ಉದ್ದಕ್ಕೂ ಬಿರುಕು. ಬೇಸಿಗೆಯಲ್ಲಿ ಗದ್ದೆ ಒಡೆದಿರುತ್ತಲ್ಲ, ಹಾಗೆ. ಒಂದೆರಡು ಕಡೆ ಉಗುರಿನ ತುದಿ ಒಳಗೆ ಹೋಗುತ್ತಿತ್ತು.

ಇದನ್ನು ಬದಲಾಯಿಸಲೇಬೇಕು ಅನ್ನೋದರಲ್ಲಿ ಅಪ್ಪಯ್ಯನಿಗೂ ಅನುಮಾನ ಇರಲಿಲ್ಲ. ಚರ್ಚೆ ಶುರುವಾಗಿದ್ದು ಹಿಂದಿನ ಟೈರಿನ ಬಗ್ಗೆ.

ಮಾರ್ಚ್ 16

ಹಿಂದಿನ ಟೈರ್ ನೋಡಲು ಚೆನ್ನಾಗಿದೆ. ಕಪ್ಪಗಿದೆ, ಹೊರಗೆ ಎಲ್ಲೂ ಒಡೆದಿಲ್ಲ. ವರ್ನಿಯರ್‌ನ ಕಡ್ಡಿ ಇಳಿಸಿ ಗ್ರಿಪ್ಪಿನ ನಡುವಿನ ತೋಡಿನ ಆಳ ಅಳೆದೆ: 4.5 ಮಿಲಿಮೀಟರ್. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ದ್ವಿಚಕ್ರ ವಾಹನಕ್ಕೆ ಕನಿಷ್ಠ 0.8 ಮಿಲಿಮೀಟರ್ ಇದ್ದರೆ ಸಾಕು. ಟೈರಿನ ಪಕ್ಕದಲ್ಲಿ ಟಿಡಬ್ಲ್ಯುಐ (ಸವೆತ ತೋರಿಸುವ ಗುರುತು) ಅಂತ ಅಥವಾ ಸಣ್ಣ ತ್ರಿಕೋನ ಇರುತ್ತದೆ. ಅದರ ನೇರಕ್ಕೆ ತೋಡಿನೊಳಗೆ ನೋಡಿದರೆ ರಬ್ಬರಿನ ಒಂದು ಸಣ್ಣ ದಿಬ್ಬ. ಗ್ರಿಪ್ ಸವೆದು ಆ ದಿಬ್ಬದ ಮಟ್ಟಕ್ಕೆ ಬಂದರೆ ಟೈರ್ ಮುಗಿಯಿತು ಅಂತ ಲೆಕ್ಕ. ನಮ್ಮದು ಅದರ ಹತ್ತಿರಕ್ಕೂ ಬಂದಿಲ್ಲ.

'ಓಡಿದ್ದೇ ಇಲ್ಲ ಮಾರಾಯ, ಹೊಸಾ ಟೈರು ಅದು' ಅಂದರು ಅಪ್ಪಯ್ಯ.

ಆಮೇಲೆ ತಾರೀಖು ಹುಡುಕಿದೆ. ಟೈರಿನ ಪಕ್ಕದಲ್ಲಿ ಸಣ್ಣ ಚೌಕಟ್ಟಿನೊಳಗೆ ನಾಲ್ಕು ಅಂಕಿ ಇರುತ್ತದೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಒಂದೇ ಪಕ್ಕದಲ್ಲಿ ಒತ್ತಿರಬಹುದು, ಹಾಗಾಗಿ ಎರಡೂ ಕಡೆ ನೋಡಬೇಕು. ನನಗೆ ಸಿಕ್ಕಿದ್ದು ಚೈನ್ ಕಡೆ, ಗ್ರೀಸ್ ಕೆರೆದ ಮೇಲೆ. 3611. ಅಂದರೆ 2011ರ 36ನೇ ವಾರ, ಸೆಪ್ಟೆಂಬರ್ ಶುರು. ಹದಿಮೂರೂವರೆ ವರ್ಷ ಆಗಿದೆ. ಮುಂದಿನದು 0814, ಹನ್ನೊಂದು ವರ್ಷದ್ದು.

ವಯಸ್ಸಿನಲ್ಲಿ ಚಿಕ್ಕದಾದ ಮುಂದಿನ ಟೈರೇ ಮೊದಲು ಒಡೆದಿದ್ದು ಯಾಕೆ? ಕೊಟ್ಟಿಗೆಗೆ ಹೋಗಿ ಗಾಡಿ ನಿಂತಿದ್ದ ಜಾಗ ನೋಡಿದ ಮೇಲೆ ಅರ್ಥವಾಯಿತು. ಡಬಲ್ ಸ್ಟ್ಯಾಂಡ್ ಹಾಕಿದರೆ ಸ್ಪ್ಲೆಂಡರಿನ ಹಿಂದಿನ ಚಕ್ರ ಮೇಲೆದ್ದಿರುತ್ತದೆ. ಮುಂದಿನದು ನೆಲದ ಮೇಲೆ. ಗಾಳಿ ಇಳಿದ ಮೇಲೆ ಅದು ಮಡಚಿಕೊಂಡು ಹಾಗೇ ಭಾರ ಹೊತ್ತಿದೆ. ಸಾಲದ್ದಕ್ಕೆ ಕೊಟ್ಟಿಗೆಯ ಬಾಗಿಲ ಕಡೆ ಮುಖ, ಮಧ್ಯಾಹ್ನದ ಮೇಲೆ ಬಿಸಿಲು ನೇರ ಅದೇ ಚಕ್ರಕ್ಕೆ. ಎಳೆದು ಹಿಡಿದ ರಬ್ಬರ್ ಬೇಗ ಬಿರಿಯುತ್ತದೆ, ಬಿಸಿಲಿಗೆ ಇನ್ನೂ ಬೇಗ.

ಇನ್ನೊಂದು ವಿಷಯ ಅಪ್ಪಯ್ಯನಿಗೆ ಹೇಳಿದೆ. ಟೈರ್ ರಬ್ಬರಿಗೆ ಮೇಣದಂಥ ಪದಾರ್ಥ ಬೆರೆಸಿರುತ್ತಾರೆ. ಓಡುವಾಗ ಟೈರ್ ಬಾಗಿ ಏಳುತ್ತಾ ಇದ್ದರೆ ಅದು ಮೇಲಕ್ಕೆ ಬಂದು, ಗಾಳಿಯಲ್ಲಿರುವ ಓಝೋನ್ ರಬ್ಬರನ್ನು ತಿನ್ನದ ಹಾಗೆ ಕಾಯುತ್ತದೆ. ನಿಂತ ಗಾಡಿಯಲ್ಲಿ ಆ ಕೆಲಸ ಸರಿಯಾಗಿ ನಡೆಯೋದಿಲ್ಲ. ಓಡದೇ ಇದ್ದದ್ದರಿಂದ ಟೈರಿಗೆ ಒಳ್ಳೆಯದಾಗಿದೆ ಅಂತ ನಾವು ಅಂದುಕೊಳ್ಳುತ್ತೇವೆ, ಅಲ್ವಾ? ಸವೆತ ಉಳಿಯುತ್ತದೆ, ನಿಜ. ವಯಸ್ಸು ನಿಲ್ಲೋದಿಲ್ಲ.

ಅಪ್ಪಯ್ಯ ಕೇಳಿಸಿಕೊಂಡರು. ಆದರೂ 'ಮುಂದಿನದೊಂದು ಹಾಕು ಸಾಕು' ಅಂದರು.

ಮಾರ್ಚ್ 23

ಇವತ್ತು ಬಾಯಿ ಮಾತು ಬಿಟ್ಟು ಟೈರನ್ನೇ ತೋರಿಸಿದೆ.

ಹಿಂದಿನ ಚಕ್ರ ಬಿಚ್ಚಿ ಗಾಳಿ ತೆಗೆದೆ. ಟೈರಿನ ಎರಡೂ ಬದಿ ಹೆಬ್ಬೆರಳು ಇಟ್ಟು, ಗ್ರಿಪ್ಪಿನ ತೋಡು ಬಾಯಿ ಬಿಡುವ ಹಾಗೆ ಬಗ್ಗಿಸಿದೆ. ಗಾಳಿ ತುಂಬಿದ್ದಾಗ ಕಾಣದೇ ಇದ್ದದ್ದು ಈಗ ಕಂಡಿತು. ತೋಡಿನ ತಳದಲ್ಲಿ ಕೂದಲೆಳೆಯಂಥ ಬಿರುಕುಗಳು, ಒಂದರ ಪಕ್ಕ ಒಂದು, ಚಕ್ರದ ಸುತ್ತಲೂ. ಅಪ್ಪಯ್ಯ ಕನ್ನಡಕ ತರಿಸಿಕೊಂಡು ನೋಡಿದರು. ಬೆರಳು ಬಿಟ್ಟ ಕೂಡಲೇ ಎಲ್ಲ ಮುಚ್ಚಿಕೊಂಡು ಮತ್ತೆ ಚೆಂದದ ಟೈರ್. ಇನ್ನೊಮ್ಮೆ ಬಗ್ಗಿಸು ಅಂದರು. ಮತ್ತೆ ಬಗ್ಗಿಸಿದೆ.

ಆಮೇಲೆ ಉಗುರಿನ ಪರೀಕ್ಷೆ. ತಮ್ಮನ ಗಾಡಿಗೆ ಕಳೆದ ವರ್ಷ ಹಾಕಿಸಿದ ಟೈರಿಗೆ ಉಗುರು ಒತ್ತಿದರೆ ಸ್ವಲ್ಪ ಕಚ್ಚುತ್ತದೆ. ಇದಕ್ಕೆ ಒತ್ತಿದರೆ ಚಪ್ಪಡಿ ಕಲ್ಲಿಗೆ ಒತ್ತಿದ ಹಾಗೆ, ಉಗುರೇ ಬಗ್ಗುತ್ತದೆ. ಇದೇನು ಅಳತೆಯಲ್ಲ, ಪಕ್ಕದಲ್ಲಿ ಹೋಲಿಸಲು ಇನ್ನೊಂದು ಟೈರ್ ಇದ್ದರೆ ಮಾತ್ರ ಉಪಯೋಗ. ಆದರೆ ಒಣ ರಸ್ತೆಯಲ್ಲಿ ಗೊತ್ತೇ ಆಗದ ಗಡಸುತನ ನಮ್ಮ ಮಳೆಯಲ್ಲಿ ಗೊತ್ತಾಗುತ್ತದೆ. ಆಗುಂಬೆ ಘಾಟಿಯಲ್ಲಿ 14 ತಿರುವು. ಒದ್ದೆ ರಸ್ತೆಗೆ ಅಂಟಿಕೊಳ್ಳಬೇಕಾದದ್ದು ರಬ್ಬರ್, ಗ್ರಿಪ್ಪಿನ ಆಳ ನೀರು ಸರಿಸಲು ಮಾತ್ರ.

ಹಲವು ಟೈರ್ ಕಂಪನಿಗಳು ಹೇಳೋದು ಇಷ್ಟು: ಐದು ವರ್ಷ ಆದ ಮೇಲೆ ವರ್ಷಕ್ಕೊಮ್ಮೆ ತಿಳಿದವರಿಂದ ನೋಡಿಸಿ, ತಯಾರಾಗಿ ಹತ್ತು ವರ್ಷ ಆದರೆ ಚೆನ್ನಾಗಿ ಕಂಡರೂ ತೆಗೆಯಿರಿ. ನಮ್ಮ ಕಡೆಯ ಬಿಸಿಲು ಮಳೆಗೆ ನಾನಾದರೆ ಆರು ಏಳು ವರ್ಷಕ್ಕೇ ತೆಗೆಯುತ್ತೇನೆ. ಟೈರಿನ ದುಡ್ಡು ಉಳಿಸುವ ಜಾಗ ಇದಲ್ಲ.

'ಎರಡೂ ಹಾಕಿಸು' ಅಂದರು ಅಪ್ಪಯ್ಯ.

ಏಪ್ರಿಲ್ 6

ಹೋದ ಭಾನುವಾರ ಯುಗಾದಿ, ಕೆಲಸ ಆಗಲಿಲ್ಲ.

ಟೈರ್ ತರಲು ಹೋದ ಮೊದಲ ಅಂಗಡಿಯಲ್ಲಿ ಕೊಟ್ಟದ್ದು 2621. ಪ್ಲಾಸ್ಟಿಕ್ ಪಟ್ಟಿ ಸುತ್ತಿದ ಹೊಸ ಟೈರೇ, ಆದರೆ 2021ರ ಜೂನ್ ಕೊನೆಯದು. ನಾಲ್ಕು ವರ್ಷ ಆಗುತ್ತಾ ಬಂತು. 'ಓಡಿಲ್ಲವಲ್ಲ ಸಾರ್' ಅಂದರು. ಬೇಡ ಅಂತ ಹೇಳಿ ಶಿವಮೊಗ್ಗಕ್ಕೆ ಹೋದೆ. ಅಲ್ಲಿ ಮುಂದಿನದಕ್ಕೆ 4924, ಹಿಂದಿನದಕ್ಕೆ 5124 ಸಿಕ್ಕಿತು. ಎರಡೂ 2.75-18 ಸೈಜೇ, ಆದರೆ ಒಂದೇ ಟೈರ್ ಅಲ್ಲ. ಮುಂದಿನದು 42ಪಿ, ಹಿಂದಿನದು 48ಪಿ. 42 ಅಂದರೆ 150 ಕಿಲೋ ಹೊರುತ್ತದೆ, 48 ಅಂದರೆ 180. ಹಿಂದೆ ಒಂದು ಮೂಟೆ ಅಡಿಕೆ ಇಟ್ಟುಕೊಂಡು ಹೋಗುವ ಮನೆಯಲ್ಲಿ ಇದನ್ನು ಅದಲುಬದಲು ಮಾಡಬಾರದು.

ಹಳೇ ಮುಂದಿನ ಟೈರ್ ಕಳಚುವಾಗ ಟ್ಯೂಬ್ ಒಳಗೋಡೆಗೆ ಅಂಟಿಕೊಂಡಿತ್ತು, ಸುಲಿದು ತೆಗೆಯಬೇಕಾಯಿತು. ಗಾಳಿ ಹೋಗುತ್ತಿದ್ದದ್ದು ವಾಲ್ವ್ ಬುಡದಲ್ಲಿ ರಬ್ಬರ್ ಒಡೆದಿದ್ದರಿಂದ. ಅಂಥ ಟ್ಯೂಬನ್ನು ಹೊಸ ಟೈರಿನೊಳಗೆ ಹಾಕುವ ಮಾತೇ ಇಲ್ಲ, ಎರಡಕ್ಕೂ ಹೊಸದು. ರಿಮ್ಮಿನ ತುಕ್ಕು ಉಜ್ಜಿ, ಕಡ್ಡಿಗಳ ತುದಿ ಟ್ಯೂಬಿಗೆ ಚುಚ್ಚದ ಹಾಗೆ ಹೊಸ ಪಟ್ಟಿ ಹಾಕಿ, ಟೈರಿನ ಬಾಣದ ಗುರುತು ಚಕ್ರ ತಿರುಗುವ ಕಡೆಗೆ ಇದೆಯಾ ಅಂತ ಎರಡು ಸಲ ನೋಡಿದೆ. ಅಂಚಿಗೆ ಸೋಪಿನ ನೀರು ಹಚ್ಚಿದರೆ ಲಿವರ್‌ಗೆ ಅರ್ಧ ಕೆಲಸ ಕಮ್ಮಿ. ಗಾಳಿ ಮುಂದೆ 25, ಒಬ್ಬರೇ ಓಡಿಸುವಾಗ ಹಿಂದೆ 28.

ಹಳೇ ಟೈರ್ ಎರಡನ್ನೂ ಬಾವಿಕಟ್ಟೆ ಹತ್ತಿರ ಬಿಸಾಕಲು ಬಿಡಲಿಲ್ಲ. ಮಳೆ ನೀರು ನಿಂತರೆ ಡೆಂಗಿ ಸೊಳ್ಳೆಗೆ ಅದೇ ಮನೆ.

ಮೇ 25

ಹೊಸ ಟೈರಿನ ಮೇಲ್ಮೈ ಜಾರುತ್ತದೆ ಅಂತ ಮೊದಲ ನೂರು ಕಿಲೋಮೀಟರ್ ನಿಧಾನ ಓಡಿಸಿದ್ದೆ. ಇವತ್ತು ಮಳೆ ಬಿಟ್ಟ ಮೇಲೆ ಅಡಿಕೆ ಒಣಗಿಸುವ ಸಿಮೆಂಟ್ ಅಂಗಳದಲ್ಲಿ ನೋಡಿದೆ. ಮಾರ್ಚ್‌ನಲ್ಲಿ ಇದೇ ಅಂಗಳಕ್ಕೆ ನೀರು ಹಾಕಿ, ನಡೆಯುವಷ್ಟು ವೇಗದಲ್ಲಿ ಹಳೇ ಟೈರಿನ ಮೇಲೆ ಹಿಂದಿನ ಬ್ರೇಕ್ ಮುಟ್ಟಿದಾಗ ಚಕ್ರ ಹಾಗೇ ಜಾರಿತ್ತು. ಈಗ ಅಷ್ಟೇ ಒತ್ತಿದರೆ ಗಾಡಿ ನೇರ ನಿಲ್ಲುತ್ತದೆ. ಎರಡು ಸಲ ಅಪ್ಪಯ್ಯನೇ ಓಡಿಸಿ ನೋಡಿದರು. ಒಳಗೆ ಹೋಗಿ ಅಡಿಕೆ ಲೆಕ್ಕದ ಡೈರಿಯಲ್ಲಿ 4924, 5124 ಅಂತ ಬರೆದಿಟ್ಟರು.

ಮುಂದಿನ ವಾರ ಬ್ರೇಕ್ ಶೂ. ಅದನ್ನು ಕೊನೇ ಸಲ ಯಾವಾಗ ಹಾಕಿಸಿದ್ದು ಅಂತ ಹಳೇ ಡೈರಿಗಳನ್ನು ಹುಡುಕುತ್ತಿದ್ದಾರೆ.